ರಾಹುಕಾಲದಿಂದ ಒಂದೂವರೆ ಗಂಟೆ ಕಳೆದರೆ

ಊರಿನಿಂದ ಬರುವ ಎಲ್ಲದರಿಂದಲೂ ಒಂದೂವರೆ ಗಂಟೆ ಕಳೆಯುವುದು ನಮ್ಮ ಮನೆಯ ಪದ್ಧತಿ. ಅಲ್ಲಿ ಏಳೂವರೆಗೆ ಕ್ರಿಕೆಟ್ ಅಂದರೆ ಇಲ್ಲಿ ಆರಕ್ಕೆ. ದೊಡ್ಡಮ್ಮ ಒಂಬತ್ತಕ್ಕೆ ಫೋನ್ ಮಾಡುತ್ತೇನೆ ಅಂದರೆ ನಾವು ಏಳೂವರೆಗೆ ಕಾದು ಕೂರಬೇಕು. ಮಸ್ಕತ್ತಿನಲ್ಲಿ ಬೆಳೆದ ನನಗೆ ಮಗ್ಗಿಗಿಂತ ಮೊದಲು ಬಂದದ್ದು ಈ ಲೆಕ್ಕ. ಅಡುಗೆಮನೆಯ ಗೋಡೆಯಲ್ಲಿ ಮಂಗಳೂರಿನ ಕ್ಯಾಲೆಂಡರ್ ತೂಗುತ್ತದೆ. ಪ್ರತಿ ಡಿಸೆಂಬರಿನಲ್ಲಿ ಯಾರದ್ದಾದರೂ ಬ್ಯಾಗಿನೊಳಗೆ ಸುರುಳಿ ಸುತ್ತಿಕೊಂಡು ಬರುತ್ತದೆ ಅದು. ಅದರಲ್ಲಿ ರಾಹುಕಾಲವೂ ಇದೆ. ಅದರಿಂದಲೂ ಅಮ್ಮ ಒಂದೂವರೆ ಗಂಟೆ ಕಳೆಯುತ್ತಿದ್ದಳು.

ಬುಧವಾರ ಊರಲ್ಲಿ ರಾಹುಕಾಲ ಹನ್ನೆರಡರಿಂದ ಒಂದೂವರೆ. ಹಾಗಾಗಿ ನಮಗೆ ಹತ್ತೂವರೆಯಿಂದ ಹನ್ನೆರಡು. ಆ ಹೊತ್ತಿನಲ್ಲಿ ಯಾರೂ ಹೊಸ ಕೆಲಸಕ್ಕೆ ಮನೆ ಬಿಡುವಂತಿಲ್ಲ. ಬುಧವಾರ ಮೀನಿನ ದಿನ. ಅದನ್ನು ತರಲು ಹೋಗುವುದೂ ಹನ್ನೆರಡು ಹೊಡೆದ ಮೇಲೆಯೇ. ನಾನು ನಗುತ್ತಿದ್ದೆ, ವಾದಿಸುತ್ತಿದ್ದೆ, ಆದರೆ ಆ ಕಳೆಯುವ ಲೆಕ್ಕದಲ್ಲೇ ಒಂದು ತಪ್ಪಿದೆ ಎಂದು ನನಗೂ ಹೊಳೆದಿರಲಿಲ್ಲ. ಹೊಳೆಯಲು ಅತ್ತಿಗೆಯ ಡ್ರೈವಿಂಗ್ ಟೆಸ್ಟ್ ಬರಬೇಕಾಯಿತು.

ಅತ್ತಿಗೆ ಮೈಸೂರಿನವರು. ಅಣ್ಣನನ್ನು ಮದುವೆಯಾಗಿ ವಾದಿ ಕಬೀರ್‌ನ ನಮ್ಮ ಫ್ಲಾಟಿಗೆ ಬಂದು ಎರಡು ವರ್ಷವಾಗಿತ್ತು. ಅವರಿಗೆ ತುಳು ಬಾರದು. ಅವರಿದ್ದಲ್ಲಿ ಮನೆಯವರೆಲ್ಲ ಕನ್ನಡಕ್ಕೆ ಹೊರಳುತ್ತೇವೆ. ಊರಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿದ್ದವರು ಇಲ್ಲಿ ಎರಡು ವರ್ಷ ಮೀನು ಆರಿಸುವುದನ್ನು ಕಲಿತು ಮನೆಯಲ್ಲೇ ಇದ್ದರು. ಕೊನೆಗೆ ಅಲ್ ಮಬೇಲಾದಲ್ಲಿ ಹೊಸದಾಗಿ ತೆರೆದ ಒಂದು ಕ್ಲಿನಿಕ್ಕಿನವರು ಅವರನ್ನು ಆರಿಸಿದರು. ಕೆಲಸ ಏನೆಂದರೆ ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ಕೈಕಾಲು ಆಡಿಸುವುದು. ಅದಕ್ಕೆ ಕಾರು ಓಡಿಸಲು ಬರಬೇಕು. ಫೆಬ್ರವರಿ ಒಂದಕ್ಕೆ ಲೈಸೆನ್ಸ್ ತಂದರೆ ಕೆಲಸ, ತಾರದಿದ್ದರೆ ಖಲಾಸ್ ಎಂದು ಅಲ್ಲಿನ ಮ್ಯಾನೇಜರ್ ನಗುತ್ತಲೇ ಹೇಳಿದ್ದ.

ಒಮಾನಿನಲ್ಲಿ ಲೈಸೆನ್ಸ್ ಎಂದರೆ ಸುಮ್ಮನೆ ಅಲ್ಲ. ಡ್ರಮ್ಮುಗಳ ನಡುವೆ ಹಿಂದಕ್ಕೆ ಹೋಗಿ ಕಾರು ನಿಲ್ಲಿಸಬೇಕು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಮುಂದೆ ಹೋಗಬೇಕು, ಆಮೇಲೆ ಪೊಲೀಸ್ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಗಿಳಿಯಬೇಕು. ಡ್ರಮ್ಮು, ಏರು ಎರಡೂ ಮುಗಿದಿದ್ದವು. ರಸ್ತೆಯಲ್ಲಿ ಅತ್ತಿಗೆ ಎರಡು ಸಲ ಫೇಲಾಗಿದ್ದರು. ಮೂರನೆಯ ತಾರೀಕು ಸಿಕ್ಕಿತು: ಜನವರಿ ಕೊನೆಯ ಬುಧವಾರ, ಬೆಳಿಗ್ಗೆ ಹನ್ನೊಂದು. ಅದನ್ನು ಬಿಟ್ಟರೆ ಮುಂದಿನದು ಸಿಗುವಷ್ಟರಲ್ಲಿ ಫೆಬ್ರವರಿ ಒಂದು ಮುಗಿದು ಹೋಗಿರುತ್ತಿತ್ತು.

ಅಮ್ಮ ಕ್ಯಾಲೆಂಡರಿನ ಎದುರು ನಿಂತು ಬುಧವಾರದ ಸಾಲಿನ ಮೇಲೆ ಬೆರಳಾಡಿಸಿದಳು.

"ಹನ್ನೊಂದಕ್ಕಾ? ಹತ್ತೂವರೆಯಿಂದ ಹನ್ನೆರಡು ಅಲ್ವಾ ಬುಧವಾರ. ಸರೀ ನಡುವಿಗೇ ಹೋಗಿ ಬಿದ್ದದ್ದು ನೋಡು."

"ಶುರುವಾಯ್ತು," ಅಂದೆ ನಾನು.

"ನೀನು ಸುಮ್ಮನಿರು. ಮೊದಲನೇ ಸಲ ನಿನ್ನ ಮಾತು ಕೇಳಿ ರಾಹುಕಾಲದಲ್ಲಿ ಹೋಗಿ ಎಂತ ಆಯ್ತು?"

"ಫೇಲಾಯ್ತು. ಎರಡನೇ ಸಲ ನೀನೇ ಒಳ್ಳೆ ಟೈಮ್ ನೋಡಿ ಕಳಿಸಿದ್ದೆ. ಆಗ ಎಂತ ಆಯ್ತು?"

"ಅದು ಇವಳು ರೌಂಡಬೌಟಲ್ಲಿ ಬ್ರೇಕ್ ಹಾಕಿದ್ದಕ್ಕೆ."

"ಹಾಗಾದ್ರೆ ಮೊದಲನೇ ಸಲ?"

"ಅದು ರಾಹುಕಾಲ."

"ಮೊದಲನೇ ಸಲವೂ ರೌಂಡಬೌಟಲ್ಲೇ ಬ್ರೇಕ್ ಹಾಕಿದ್ದು ಅಮ್ಮ."

"ಹಾಕಿಸಿದ್ದು ಯಾರು?"

ನಾನು ಇಲ್ಲಿನ ಭಾರತೀಯ ಶಾಲೆಯಲ್ಲಿ ಏಳು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಪಳಗಿದವಳು. ಎದುರಾಳಿಯ ಮಾತಿನಲ್ಲಿ ಬಿರುಕು ಕಂಡರೆ ಬೆರಳು ತೂರಿಸದೆ ಇರಲಾರೆ. ಒಳ್ಳೆಯದಾದರೆ ಶುಭಗಳಿಗೆ, ಕೆಟ್ಟದ್ದಾದರೆ ಬ್ರೇಕು. ಬ್ರೇಕೂ ಸಾಲದಿದ್ದರೆ ರಾಹು. ಒಂದು ಫೇಲಿನಿಂದ ಏನೂ ಸಾಬೀತಾಗುವುದಿಲ್ಲ, ಇಂಥ ವಾದಕ್ಕೆ ಸೋಲೇ ಇಲ್ಲ, ಸೋಲಲಾರದ ವಾದಕ್ಕೆ ಬೆಲೆಯೂ ಇಲ್ಲ ಎಂದು ನಿಂತಲ್ಲೇ ಒಂದು ಭಾಷಣ ಬಿಗಿದೆ. ಅಮ್ಮ ಸೌತೆಕಾಯಿ ಹೆಚ್ಚುವುದಕ್ಕೆ ಕೈ ಹಾಕಿದಳು. ಗೆದ್ದೆ ಎಂದುಕೊಂಡು ತಿರುಗಿದರೆ ಅತ್ತಿಗೆ ಫ್ರಿಜ್ಜಿಗೆ ಒರಗಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

"ನೀನು ಗೆದ್ದೆ ಕಣೇ," ಅಂದರು. "ಆದ್ರೆ ಸ್ಟೇರಿಂಗ್ ಹಿಡ್ಕೊಳ್ಳೋದು ನಾನು. ಹನ್ನೊಂದು ಗಂಟೆ ಅಂದ ತಕ್ಷಣ ನನ್ನ ಕೈ ತಣ್ಣಗಾಗುತ್ತೆ. ನಂಬ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ತಾರೀಕು ಬಿಟ್ಟುಬಿಡೋಣ ಅನ್ಸುತ್ತೆ."

ಅದು ನನಗೆ ಸರಿಯಾಗಿ ತಾಗಿತು. ಕೆಲಸ ಹೋಗುವುದು ಅಮ್ಮನದ್ದಲ್ಲ, ನನ್ನದೂ ಅಲ್ಲ. ಪೆಟ್ಟು ಬೀಳುವುದು ಅವರಿಗೆ, ಅವರ ಕೈಗೆ ನನ್ನ ತರ್ಕ ತಲುಪುತ್ತಿರಲಿಲ್ಲ.

ಅದೇ ವಾರ ನಾನು ಬೇರೊಂದು ವಾದಕ್ಕೆ ತಯಾರಾಗುತ್ತಿದ್ದೆ. ಟೆಸ್ಟ್ ಮುಗಿದ ಶುಕ್ರವಾರ ನಮ್ಮ ಕನ್ನಡ ಸಂಘದ ಚರ್ಚಾ ಸ್ಪರ್ಧೆ. ವಿಷಯ: ಯುರೋಪನ್ನು ಬದಲಿಸಿದ್ದು ವಿಜ್ಞಾನದ ಉಪಕರಣಗಳೋ, ಮನೋಭಾವವೋ. ಚೀಟಿ ಎತ್ತಿದಾಗ ನನಗೆ ಮನೋಭಾವದ ಪಕ್ಷ ಬಂದಿತ್ತು. ಸುಲಭದ ತುತ್ತು ಎಂದುಕೊಂಡಿದ್ದೆ. ಚರ್ಚು ಕತ್ತಲೆ, ವಿಜ್ಞಾನ ಬೆಳಕು, ಧೈರ್ಯವಂತನೊಬ್ಬ ದುರ್ಬೀನು ಹಿಡಿದ, ಚಪ್ಪಾಳೆ. ಆದರೆ ಓದುತ್ತಾ ಹೋದಂತೆ ಒಂದು ಸಂಗತಿ ಗಂಟಲಿಗೆ ಸಿಕ್ಕಿಕೊಂಡಿತು. ಆ ಹಳೆಯ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ತುಂಬಿದ್ದವರು ದಡ್ಡರಲ್ಲ. ನನ್ನಂಥವರು. ಅಲ್ಲಿ ಪರೀಕ್ಷೆಯೆಂದರೇ ಚರ್ಚಾ ಸ್ಪರ್ಧೆ. ಪ್ರಶ್ನೆ ಇಡುವುದು, ಪರ ಹೇಳುವುದು, ವಿರೋಧ ಹೇಳುವುದು, ಪೂರ್ವಪಂಡಿತರ ಮಾತು ಎತ್ತಿ ಎದುರಾಳಿಯ ಬಾಯಿ ಮುಚ್ಚಿಸುವುದು. ತರ್ಕದಲ್ಲಿ ಅವರನ್ನು ಮೀರಿಸಿದವರಿಲ್ಲ.

ವೈದ್ಯಶಾಲೆಯ ಒಂದು ಚಿತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕೂತು ಸಾವಿರ ವರ್ಷ ಹಳೆಯ ಗ್ರಂಥ ಓದುತ್ತಾನೆ. ಕೆಳಗೆ ಕ್ಷೌರಿಕನೊಬ್ಬ ಹೆಣ ಕೊಯ್ಯುತ್ತಾನೆ. ಗ್ರಂಥದಲ್ಲಿ ಹೇಳಿದ್ದು ಹೆಣದಲ್ಲಿ ಸಿಗದಿದ್ದರೆ ತಪ್ಪು ಹೆಣದ್ದು. ಕ್ರಾಂತಿ ಎಂದು ನಾವು ಕರೆಯುವುದು ಶುರುವಾದದ್ದು ಆ ಪ್ರಾಧ್ಯಾಪಕ ಪೀಠದಿಂದ ಇಳಿದು ಚೂರಿಯನ್ನು ತನ್ನ ಕೈಗೆ ತೆಗೆದುಕೊಂಡಾಗ. ಮುಂದೆ ಲಂಡನ್ನಿನಲ್ಲಿ ವಿಜ್ಞಾನಿಗಳ ಒಂದು ಕೂಟ ಕಟ್ಟಿಕೊಂಡವರ ಪಣವೂ ಅದೇ ಜಾತಿಯದು: ಯಾರು ಹೇಳಿದರೂ ಬರೀ ಹೇಳಿದ್ದಕ್ಕಾಗಿ ಒಪ್ಪುವುದಿಲ್ಲ. ಎಲ್ಲರೆದುರು ಮಾಡಿ ತೋರಿಸು. ತೋರಿಸಿದ್ದನ್ನು ದೂರದ ಊರಿನವನೂ ಓದಿ ತಾನೇ ಮಾಡಿ ನೋಡುವ ಹಾಗೆ ಬರೆ.

ಅಂದರೆ ವಿಜ್ಞಾನ ಬಂದದ್ದು ಮೂಢರ ವಿರುದ್ಧ ಮಾತ್ರವಲ್ಲ, ಮಾತುಗಾರರ ವಿರುದ್ಧವೂ. ಇದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಸರಿ ಎನಿಸಿತು.

ಮರುದಿನ ಸಂಜೆ ಅಮ್ಮ ಟೀ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ. ಈ ಸಲ ಬೆರಳು ತೂರಿಸಲಿಕ್ಕಲ್ಲ, ನಿಜಕ್ಕೂ ತಿಳಿಯಬೇಕಿತ್ತು.

"ಅಮ್ಮ, ಈ ರಾಹುಕಾಲವನ್ನ ಹೇಗೆ ಲೆಕ್ಕ ಹಾಕೋದು?"

"ಎಂತಕ್ಕೆ, ತಮಾಷೆ ಮಾಡ್ಲಿಕ್ಕಾ?"

"ಅಲ್ಲ, ಹೇಳು."

"ಸೂರ್ಯ ಹುಟ್ಟಿದಲ್ಲಿಂದ ಮುಳುಗುವವರೆಗೆ ಎಂಟು ಪಾಲು. ಒಂದೊಂದು ವಾರಕ್ಕೆ ಒಂದೊಂದು ಪಾಲು ರಾಹುವಿಗೆ. ಬುಧವಾರ ಐದನೇದ್ದು."

"ನಾಲ್ಕು ಪಾಲು ಮುಗಿದ ಮೇಲೆ. ಅಂದ್ರೆ ಹಗಲು ಅರ್ಧ ಆದ ಮೇಲೆ. ಸೂರ್ಯ ನಡು ಆಕಾಶಕ್ಕೆ ಬಂದಾಗ ಶುರು."

"ಹೌದು. ಅದಕ್ಕೇ ಹನ್ನೆರಡು ಅಂತ ಹಾಕಿದ್ದು."

"ನಮಗೆ ಹತ್ತೂವರೆ. ಹತ್ತೂವರೆಗೆ ವಾದಿ ಕಬೀರ್‌ನಲ್ಲಿ ಸೂರ್ಯ ನಡು ಆಕಾಶದಲ್ಲಿ ಇರ್ತಾನಾ?"

ಅಮ್ಮ ಲೋಟ ಕೆಳಗಿಟ್ಟಳು. ಕಿಟಕಿಯಾಚೆ ಗ್ಯಾರೇಜುಗಳ ತಗಡಿನ ಮಾಡು, ಅದರಾಚೆ ಬೋಳು ಕಂದು ಗುಡ್ಡ. ನಮ್ಮ ಫ್ಲಾಟಿನಲ್ಲಿ ಸೂರ್ಯ ಹುಟ್ಟುವುದೂ ಕಾಣುವುದಿಲ್ಲ, ಮುಳುಗುವುದೂ ಕಾಣುವುದಿಲ್ಲ. ಎರಡೂ ಕಡೆ ಗುಡ್ಡ ಅಡ್ಡ. ಅದಕ್ಕೇ ಇರಬೇಕು ಇಷ್ಟು ವರ್ಷ ಯಾರೂ ಗಡಿಯಾರ ಬಿಟ್ಟು ಬೇರೆ ಕಡೆ ನೋಡದೆ ಇದ್ದದ್ದು.

"ಅಲ್ಲಿಯ ಹನ್ನೆರಡು ಅಂದ್ರೆ ಇಲ್ಲಿಯ ಹತ್ತೂವರೆ ಅಲ್ವಾ," ಅಂದಳು, ಆದರೆ ಮೊದಲಿನ ಗಟ್ಟಿತನ ಇರಲಿಲ್ಲ.

"ಗಡಿಯಾರಕ್ಕೆ ಹೌದು. ಕ್ರಿಕೆಟ್ ಮ್ಯಾಚು ನಡೆಯೋದು ಒಂದೇ ಕಡೆ, ಹಾಗಾಗಿ ಕಳೀಬಹುದು. ಮಧ್ಯಾಹ್ನ ಒಂದೊಂದು ಊರಿಗೂ ಬೇರೆ. ನಾವು ಮಂಗಳೂರಿನ ಮಧ್ಯಾಹ್ನವನ್ನ ಮಸ್ಕತ್ತಿನ ಗಡಿಯಾರದಲ್ಲಿ ಆಚರಿಸ್ತಾ ಇದ್ದೇವೆ."

"ಕ್ಯಾಲೆಂಡರಿನವರು ಸುಳ್ಳು ಹಾಕಿದ್ದಾರಾ?"

"ಅವರು ಹಾಕಿದ್ದು ಅವರ ಊರಿಗೆ. ಕಳೆದದ್ದು ನಾವು."

ಅಮ್ಮ ನನ್ನನ್ನು ತುಸು ಹೊತ್ತು ನೋಡಿದಳು. ಸೋತವರು ನೋಡುವ ಹಾಗೆ ನೋಡಲಿಲ್ಲ.

"ಬಾಯಲ್ಲಿ ಹೇಳಿದ್ರೆ ನಾನು ಒಪ್ಪುವುದಿಲ್ಲ," ಅಂದಳು. "ನೀನು ಬಾಯಲ್ಲಿ ಎಂತ ಬೇಕಾದ್ರೂ ಹೇಳ್ತಿ. ತೋರಿಸು."

ಲಂಡನ್ನಿನ ಆ ಕೂಟದವರು ಲ್ಯಾಟಿನ್ನಿನಲ್ಲಿ ಇಟ್ಟುಕೊಂಡ ಪಣವನ್ನು ಅಮ್ಮ ಟೀ ಲೋಟದ ಮುಂದೆ ಕೂತು ಹೇಳಿಬಿಟ್ಟಿದ್ದಳು.

ತೋರಿಸುವುದು ಹೇಗೆಂದು ನನಗೆ ಗೊತ್ತಿತ್ತು. ಶಾಲೆಯಲ್ಲಿದ್ದಾಗ ಒಮ್ಮೆ ನಿಜ್ವಾ ಎಂಬ ಊರಿನ ಕಡೆಯ ಒಂದು ಹಳ್ಳಿಗೆ ಪ್ರವಾಸ ಕರೆದೊಯ್ದಿದ್ದರು. ಅಲ್ಲಿ ಫಲಜ್ ಎಂಬ ಕಾಲುವೆಯ ನೀರನ್ನು ಖರ್ಜೂರದ ತೋಟಗಳಿಗೆ ಸರದಿಯಂತೆ ಹಂಚುತ್ತಾರೆ. ಬಯಲಲ್ಲಿ ನೆಟ್ಟ ಒಂದು ಕೋಲು, ನೆಲದಲ್ಲಿ ಗೆರೆಗಳು. ನೆರಳು ಈ ಗೆರೆ ಮುಟ್ಟಿದರೆ ನೀರು ಒಬ್ಬನ ತೋಟದಿಂದ ಇನ್ನೊಬ್ಬನ ತೋಟಕ್ಕೆ. ಎಷ್ಟೋ ಕಾಲ ಜಗಳವನ್ನು ನೆರಳೇ ತೀರಿಸಿದೆ.

ಶನಿವಾರ ಬೆಳಿಗ್ಗೆ ಟೆರೇಸಿಗೆ ಹತ್ತಿದೆವು. ಅಣ್ಣ ಕೆಳಗಿನ ಗ್ಯಾರೇಜಿನಿಂದ ಖಾಲಿ ಪೇಂಟ್ ಡಬ್ಬಿ ತಂದು ಮರಳು ತುಂಬಿಸಿ, ನೆಲ ಒರೆಸುವ ಮಾಪಿನ ಮುರಿದ ಹಿಡಿಯನ್ನು ನೆಟ್ಟುಕೊಟ್ಟು, "ನಿಮ್ಮ ಹೋಮ ಮುಗಿದ ಮೇಲೆ ಕರೀರಿ," ಎಂದು ಮಲಗಲು ಹೋದ. ಅತ್ತಿಗೆ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡಿದರು. ರೋಗಿಗಳ ಬೆನ್ನುಮೂಳೆ ನೋಡಿ ಅಭ್ಯಾಸವಾದ ಕಣ್ಣು. "ಎಡಕ್ಕೆ ಸ್ವಲ್ಪ ವಾಲಿದೆ," ಎಂದು ಎರಡು ಸಲ ಸರಿಪಡಿಸಿದರು. ನೀರಿನ ಟ್ಯಾಂಕು, ಡಿಶ್ಶುಗಳ ನಡುವೆ ಕಾಂಕ್ರೀಟಿನ ಮೇಲೆ ಕೋಲಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದೆವು.

"ಇದು ನಮ್ಮೂರಲ್ಲೂ ಉಂಟು," ಅಂದಳು ಅಮ್ಮ. "ಮನೆ ಕಟ್ಟುವಾಗ ದಿಕ್ಕು ನೋಡ್ಲಿಕ್ಕೆ ಆಚಾರಿ ಹೀಗೇ ಕೋಲು ನೆಡ್ತಾರೆ. ನೀನು ಯುರೋಪು ಯುರೋಪು ಅಂತ ಕುಣೀತಿ."

ಲೆಕ್ಕ ಸರಳ. ಬೆಳಿಗ್ಗೆ ನೆರಳು ಉದ್ದ. ಬರಬರುತ್ತಾ ಕುಗ್ಗಿ ಅದರ ತುದಿ ವೃತ್ತವನ್ನು ಮುಟ್ಟಿ ಒಳಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಮತ್ತೆ ಬೆಳೆದು ಇನ್ನೊಂದು ಕಡೆ ವೃತ್ತವನ್ನು ಮುಟ್ಟಿ ಹೊರಗೆ ಬರುತ್ತದೆ. ಈ ಎರಡು ಗಳಿಗೆಗಳ ನಡುವೆ ಸರಿಯಾಗಿ ಅರ್ಧದಲ್ಲಿರುವುದೇ ಈ ಟೆರೇಸಿನ ಮಧ್ಯಾಹ್ನ. ನೆರಳು ಒಳಗೆ ಹೋದದ್ದು ಹನ್ನೊಂದಕ್ಕೆ. ಅಮ್ಮ ತಾನೇ ಬಗ್ಗಿ ಗುರುತು ಹಾಕಿದಳು. ಆಮೇಲೆ ಊಟಕ್ಕೆ ಇಳಿಯಲಿಕ್ಕೂ ಒಪ್ಪದೆ, ಟ್ಯಾಂಕಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಫೋನಿನಲ್ಲಿ ಒಂದು ಕ್ಷಣದಲ್ಲಿ ಇದೇ ಉತ್ತರ ತೆಗೆಯಬಹುದಿತ್ತು. ತೆಗೆಯಲಿಲ್ಲ. ಫೋನೂ ಇನ್ನೊಂದು ಕ್ಯಾಲೆಂಡರೇ, ಅದನ್ನೂ ನಂಬಬೇಕಷ್ಟೆ.

ನೆರಳು ಹೊರಗೆ ಬಂದದ್ದು ಒಂದು ನಲವತ್ತಕ್ಕೆ.

"ಭಾಗ ಮಾಡಿ ಅತ್ತೆ," ಅಂದರು ಅತ್ತಿಗೆ.

ಅಮ್ಮ ಬೆರಳು ಮಡಚಿದಳು. "ಹನ್ನೆರಡೂ ಇಪ್ಪತ್ತು." ಇನ್ನೊಮ್ಮೆ ಮಡಚಿದಳು. "ಹತ್ತೂವರೆ ಎಲ್ಲಿ, ಇದೆಲ್ಲಿ. ಹಾಗಾದ್ರೆ ಬುಧವಾರ ಹನ್ನೊಂದಕ್ಕೆ ಎಂತದೂ ಇಲ್ಲ?"

"ನಿನ್ನ ಲೆಕ್ಕದಲ್ಲೇ ಇಲ್ಲ."

ಅತ್ತಿಗೆಯ ಭುಜ ಇಳಿದದ್ದು ನನಗೆ ಕಂಡಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಜಾತಕದಲ್ಲಿ ನಿಲ್ಲಿಸುವುದು ಬರೆದಿಲ್ಲ.

"ಆದ್ರೆ ಅಮ್ಮ, ಇಷ್ಟು ವರ್ಷ ನಾವು ತಪ್ಪು ಹೊತ್ತಿನಲ್ಲಿ ಬಾಗಿಲು ಹಾಕಿ ಕೂತು, ನಿಜವಾದ ರಾಹುಕಾಲದಲ್ಲಿ ಊರೆಲ್ಲ ಸುತ್ತಿದ್ದೇವೆ. ಏನಾಯ್ತು?"

ಅಮ್ಮನ ತಲೆ ಆಗಲೇ ಬೇರೆ ವಾರಗಳಿಗೆ ಹೋಗಿತ್ತು. "ಶುಕ್ರವಾರ ನಾಲ್ಕನೇ ಪಾಲು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಮಧ್ಯಾಹ್ನಕ್ಕೆ ಮೊದಲಿಂದು. ಅಂದ್ರೆ ಹನ್ನೊಂದರಿಂದ ಹನ್ನೆರಡೂ ಇಪ್ಪತ್ತು. ನಮ್ಮ ಸಂಘದ ಕಾರ್ಯಕ್ರಮ ಎಲ್ಲ ಶುಕ್ರವಾರ ಹನ್ನೊಂದೂವರೆಗಲ್ವಾ?"

"ಹೌದು."

"ಎಲ್ಲಾ ಕಾರ್ಯಕ್ರಮ?"

"ಎಲ್ಲಾ."

"ಅದಕ್ಕೇ ಸಂಘ ಎರಡು ಹೋಳಾದದ್ದು," ಅಂದಳು ಅಮ್ಮ, ತುಂಬಾ ಸಮಾಧಾನದಿಂದ.

"ಅದು ಅಧ್ಯಕ್ಷರ ಕುರ್ಚಿಗೆ ಅಮ್ಮ."

"ಕುರ್ಚಿ ತಂದಿಟ್ಟದ್ದು ಯಾರು?"

ಅತ್ತಿಗೆ ನಕ್ಕು ನಕ್ಕು ಡಬ್ಬಿಗೆ ತಾಗಿ ಕೋಲು ಬೀಳಿಸುವುದರಲ್ಲಿದ್ದರು.

ನನಗೆ ಆ ಕ್ಷಣ ರೇಗಿತು. ಸಂಜೆ ಮತ್ತೆ ಓದಲು ಕೂತಾಗ ರೇಗುವುದು ಚರಿತ್ರೆ ತಿಳಿಯದವರ ಲಕ್ಷಣ ಎಂದು ಅರ್ಥವಾಯಿತು. ಆ ಕಾಲದ ಯುರೋಪಿನಲ್ಲಿ ಗ್ರಹಗಳ ಚಲನೆಯನ್ನು ರಾತ್ರಿ ರಾತ್ರಿ ಅಳೆದವರಲ್ಲಿ ಹಲವರಿಗೆ ಸಂಬಳ ಕೊಡುತ್ತಿದ್ದದ್ದು ರಾಜರ ಜಾತಕ. ಭವಿಷ್ಯ ಸರಿಯಾಗಿ ಬರಬೇಕಾದರೆ ಗ್ರಹ ಎಲ್ಲಿದೆ ಎಂದು ಸರಿಯಾಗಿ ಗೊತ್ತಾಗಬೇಕಲ್ಲ. ಹಾಗೆ ಅಳೆದೂ ಅಳೆದೂ ಗ್ರಹಗಳ ನಿಜವಾದ ಹಾದಿ ಸಿಕ್ಕಿತು. ಜಾತಕ ನಿಧಾನವಾಗಿ ಉದುರಿತು. ಯಾರೂ ಒಂದು ಮುಂಜಾನೆ ಎದ್ದು ನಂಬಿಕೆ ಬಿಡಲಿಲ್ಲ. ಪರೀಕ್ಷಿಸುವ ಅಭ್ಯಾಸ ಮೊದಲು ಬಂತು, ಆ ಅಭ್ಯಾಸವನ್ನು ಹುಟ್ಟಿಸಿದ ನಂಬಿಕೆ ಆಮೇಲೆ ಸತ್ತಿತು.

ಅಮ್ಮ ಹೇಳಿದ್ದೂ ಸರಿ. ಕೋಲು ಎಲ್ಲ ಕಡೆ ಇತ್ತು. ಗ್ರೀಕರಲ್ಲಿತ್ತು, ನಮ್ಮ ಆಚಾರಿಗಳಲ್ಲಿತ್ತು, ಒಮಾನಿನ ಹಳ್ಳಿಯಲ್ಲಿ ಇವತ್ತಿಗೂ ಇದೆ. ಹಾಗಾದರೆ ಯುರೋಪಿನಲ್ಲಿ ಬದಲಾದದ್ದು ಏನು? ನನ್ನ ಉತ್ತರ ಇದು, ಯಾರು ಬೇಕಾದರೂ ಅಲ್ಲಗಳೆಯಲಿ: ಬದಲಾದದ್ದು ಕೋಲಲ್ಲ. ಕೋಲಿಗೂ ಪುಸ್ತಕಕ್ಕೂ ಜಗಳ ಬಿದ್ದಾಗ ಏನು ಮಾಡಬೇಕು ಎಂಬ ರೂಢಿ. ಅಲ್ಲಿಯವರೆಗೆ ಹೆಚ್ಚಿನ ಸಲ ಪುಸ್ತಕ ಉಳಿಯುತ್ತಿತ್ತು, ಕೋಲು ವಾಲಿದೆ ಎನ್ನುತ್ತಿದ್ದರು. ಆಮೇಲೆ ಮೆಲ್ಲಗೆ, ಜಗಳವಾಡುತ್ತಾ, ಪುಸ್ತಕವನ್ನು ತಿದ್ದಲು ಶುರು ಮಾಡಿದರು. ಒಮ್ಮೆ ಪುಸ್ತಕ ತಿದ್ದಬಹುದು ಎಂದಾದರೆ ಅದು ಆಕಾಶದ ಪುಸ್ತಕಕ್ಕೆ ನಿಲ್ಲುವುದಿಲ್ಲ. ಧೂಮಕೇತು ದೇವರ ಕೋಪವಲ್ಲ, ಹೇಳಿದ ಹೊತ್ತಿಗೆ ಮರಳಿ ಬರುವ ಪ್ರಯಾಣಿಕ ಎಂದು ಗೊತ್ತಾದವನು, ಪಕ್ಕದ ಮನೆಯ ಮುದುಕಿ ಮಾಟ ಮಾಡಿ ಹಸು ಕೊಂದಳು ಎಂದಾಗ ಸಾಕ್ಷಿ ಕೇಳುತ್ತಾನೆ. ಕಲ್ಲಿಗೂ ಚಂದ್ರನಿಗೂ ಒಂದೇ ನಿಯಮ ಎಂದು ಓದಿದವನು, ರಾಜನಿಗೇಕೆ ಬೇರೆ ನಿಯಮ ಎಂದು ಕಾಫಿ ಅಂಗಡಿಯಲ್ಲಿ ಮೇಜು ಕುಟ್ಟುತ್ತಾನೆ. ಪಂಡಿತರ ಭಾಷೆ ಬಿಟ್ಟು ಆಡುಮಾತಿನಲ್ಲಿ ಪುಸ್ತಕ ಅಚ್ಚಾದರೆ ಮೇಜು ಕುಟ್ಟುವವರು ಹೆಚ್ಚುತ್ತಾರೆ.

ಅವರನ್ನು ದೇವರು ಮಾಡಲು ನಾನು ತಯಾರಿಲ್ಲ. ಲಂಡನ್ನಿನ ಆ ಕೂಟದಲ್ಲಿ ಸಾಕ್ಷಿ ಎಂದರೆ ಮರ್ಯಾದಸ್ಥ ಗಂಡಸು. ನನ್ನ ಅಮ್ಮನನ್ನು ಒಳಗೆ ಬಿಡುತ್ತಿರಲಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ. ಮಸ್ಕತ್ತಿನ ಬಂದರಿನ ಬಂಡೆಗಳ ಮೇಲೆ ಪೋರ್ಚುಗೀಸರು ಕಟ್ಟಿಸಿದ ಕೋಟೆಗಳು ಇನ್ನೂ ನಿಂತಿವೆ. ನಕ್ಷತ್ರ ಅಳೆದು ಸಮುದ್ರ ದಾಟಿದ ಕೈಯೇ ತೋಪಿಗೂ ಬತ್ತಿ ಇಟ್ಟಿತ್ತು. ಅದನ್ನೂ ಹೇಳಿಯೇ ನಾನು ನನ್ನ ಪಕ್ಷ ವಹಿಸುತ್ತೇನೆ. ಒಳ್ಳೆಯ ವಿಧಾನ ಕೆಟ್ಟವರ ಕೈಗೂ ಸಿಗುತ್ತದೆ, ವಿಧಾನ ಸುಳ್ಳಾಗುವುದಿಲ್ಲ.

ಬುಧವಾರ ಬಂತು. ಅತ್ತಿಗೆ ಹತ್ತೂವರೆಗೆ, ಅಂದರೆ ನಮ್ಮ ಮನೆಯ ಹಳೆಯ ರಾಹು ಬಾಗಿಲು ತೆರೆಯುವ ಹೊತ್ತಿಗೆ, ಅಮ್ಮನ ಕಾಲು ಮುಟ್ಟಿ ಹೊರಟರಂತೆ. ಅವರಿಗೆ ಕಾರು ಕಲಿಸಿದ ಒಮಾನಿ ಹೆಂಗಸು ಕೆಳಗೆ ಕಾದಿದ್ದಳು. ನಾನು ರೂವಿಯ ಆಫೀಸಿನಲ್ಲಿ ಸರಕು ಹಡಗಿನ ಕಾಗದಗಳ ಮುಂದೆ ಕೂತು, ಓದಿದ್ದನ್ನೇ ಓದುತ್ತಿದ್ದೆ. ಹನ್ನೆರಡು ದಾಟಿದರೂ ಸುದ್ದಿಯಿಲ್ಲ. ಹನ್ನೆರಡೂ ಕಾಲಕ್ಕೆ ಫೋನು ಬಂತು.

"ಇನ್ನೂ ಕರೆದಿಲ್ಲ ಕಣೇ. ತುಂಬಾ ಜನ ಇದ್ದಾರೆ. ನನ್ನ ಮುಂದೆ ಇನ್ನೂ ಇಬ್ಬರು."

ಇಬ್ಬರು ಎಂದರೆ ಅರ್ಧ ಗಂಟೆ. ಹನ್ನೆರಡೂ ಮುಕ್ಕಾಲು. ಹಳೆಯ ಲೆಕ್ಕದಲ್ಲಿ ರಾಹುಕಾಲ ಮುಗಿದಿತ್ತು. ನಾವು ಮೂವರು ಬಿಸಿಲಲ್ಲಿ ಕೂತು ಅಳೆದ ಲೆಕ್ಕದಲ್ಲಿ ಶುರುವಾಗಲಿತ್ತು. ಕೋಲು ಇಡದೆ ಹೋಗಿದ್ದರೆ ಈ ಹೊತ್ತಿಗೆ ಅತ್ತಿಗೆ ನಿಶ್ಚಿಂತೆಯಿಂದ ಇರುತ್ತಿದ್ದರು. ಭಯ ಹೋಗಲಾಡಿಸಲು ತಂದ ಸತ್ಯ ಸರಿಯಾಗಿ ಭಯದ ಜಾಗಕ್ಕೇ ಅವರನ್ನು ತಂದು ನಿಲ್ಲಿಸಿತ್ತು.

"ಹೇಳು," ಅಂದರು ಅತ್ತಿಗೆ. "ಈಗ ಶುರುವಾಗುತ್ತೆ ಅಲ್ವಾ?"

ನೆರಳಿನ ಅಳತೆಯಲ್ಲಿ ಅರ್ಧ ಗಂಟೆ ಆಚೀಚೆ ಆಗಬಹುದು ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಕೋಲನ್ನು ನೆಟ್ಟಗೆ ನಿಲ್ಲಿಸಿದವರೇ ಅವರು. ಅವರಿಗೇ ಕೋಲು ವಾಲಿತ್ತು ಎಂದು ಹೇಗೆ ಹೇಳಲಿ?

"ಹೌದು ಅತ್ತಿಗೆ. ಈಗಲೇ. ನಿಜವಾದದ್ದು."

ಆ ಕಡೆ ಕಾರೊಂದು ಗೇರು ಬದಲಿಸುವ ಸದ್ದು, ಕಲಿಸುವವಳ ದನಿ, "ಯಲ್ಲಾ, ಟೆನ್ಶನ್ ನಹೀಂ," ಎಂದು ಧೈರ್ಯ ಹೇಳುತ್ತಿತ್ತು.

"ಅತ್ತಿಗೆ, ಪ್ರತಿ ಬುಧವಾರ ಮೀನು ತರೋಕೆ ಅಮ್ಮ ನಿಮ್ಮನ್ನ ಎಷ್ಟೊತ್ತಿಗೆ ಕಳಿಸ್ತಿದ್ದದ್ದು?"

"ಹನ್ನೆರಡು ಹೊಡೆದ ಮೇಲೆ. ಯಾಕೆ?"

"ಮನೆಯಿಂದ ಹೋಗಿ, ಆರಿಸಿ, ವಾಪಸ್ ಬರೋಷ್ಟರಲ್ಲಿ?"

"ಒಂದು ಗಂಟೆ ಆಗೋದು." ಅವರಿಗೇ ಹೊಳೆಯಿತು. "ಎರಡು ವರ್ಷ. ಎಲ್ಲಾ ಬುಧವಾರ ಸರಿಯಾಗಿ ಇದೇ ಹೊತ್ತಲ್ಲಿ."

"ಏನಾದ್ರೂ ಆಯ್ತಾ?"

"ಒಂದ್ಸಲ ಬಂಗುಡೆ ಹಳಸಿತ್ತು."

"ಉಳಿದ ಸಲ?"

"ಚೆನ್ನಾಗೇ ಇತ್ತು." ಅವರು ಮೆಲ್ಲಗೆ ನಕ್ಕದ್ದು ಕೇಳಿಸಿತು. "ಆ ಒಂದ್ಸಲ ನಾನೇ ಕಿವಿರು ಎತ್ತಿ ನೋಡಿರ್ಲಿಲ್ಲ. ಸರಿ, ಇಡ್ತೀನಿ."

ನಾನು ಏಳು ವರ್ಷದಲ್ಲಿ ಕಟ್ಟಿದ ಯಾವ ವಾದವೂ ಆ ಬಂಗುಡೆಯಷ್ಟು ಗಟ್ಟಿಯಾಗಿರಲಿಲ್ಲ. ಅದಕ್ಕೆ ಕಾರಣ, ಅದು ನನ್ನದಾಗಿರಲಿಲ್ಲ. ಅವರೇ ನಡೆದು, ಅವರೇ ಆರಿಸಿ, ಅವರೇ ನೋಡಿದ್ದು.

ಒಂದೂವರೆಗೆ ಒಂದು ಫೋಟೋ ಬಂತು. ಕಲಿಸುವವಳೂ ಅತ್ತಿಗೆಯೂ ಕಾರಿಗೆ ಒರಗಿ ನಿಂತದ್ದು, ಅತ್ತಿಗೆಯ ಕೈಯಲ್ಲಿ ಪಾಸಿನ ಕಾಗದ.

ಸಂಜೆ ನಾನು ಮನೆಗೆ ಹೋದಾಗ ಅತ್ತಿಗೆ ಅಮ್ಮನಿಗೆ ಸಿಹಿ ಕೊಟ್ಟಾಗಿತ್ತು. ಅಮ್ಮ ಸಿಹಿಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದಿದ್ದಳು.

"ಎಷ್ಟು ಗಂಟೆಗೆ ಗಾಡಿಯಲ್ಲಿ ಕೂತದ್ದು ನೀನು?"

"ಹನ್ನೆರಡೂ ಮುಕ್ಕಾಲಿಗೆ ಅತ್ತೆ."

ನಾನು ಬಾಯಿ ತೆರೆದೆ. ಅತ್ತಿಗೆ ಕಣ್ಣಲ್ಲೇ ತಡೆದರು. "ಒಂದು ಪಾಸಿನಿಂದ ಏನೂ ಸಾಬೀತಾಗಲ್ಲ. ಒಂದು ಫೇಲಿನಿಂದಲೂ ಆಗಲ್ಲ ಅಂತ ಹೇಳಿದವಳು ನೀನೇ."

ಸರಿಯಾದ ಮಾತು. ಮುಚ್ಚಿಕೊಂಡೆ.

ಅಮ್ಮ ಸಿಹಿಯನ್ನು ತಟ್ಟೆಗಿಟ್ಟು, ಚಪ್ಪಲಿ ಮೆಟ್ಟಿ, ಟೆರೇಸಿಗೆ ಹೋದಳು. ಕೋಲು ಇನ್ನೂ ಅಲ್ಲೇ ಇತ್ತು. ಯಾರಾದರೂ ಬಟ್ಟೆ ಒಣಗಿಸುವಾಗ ಅಲ್ಲಾಡಿಸಿದ್ದಾರೆಯೇ ಎಂದು ನೋಡಲು ಹೋಗಿದ್ದಳು. ಹಿಂದೆಯೇ ಹತ್ತಿದ ನಾನು ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿದೆ. ನಟ್ಟು ಕಟ್ಟಿದ ದಾರವನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಅತ್ತಿಗೆ ಮಾಡಿದ ಹಾಗೆಯೇ ನಾಲ್ಕೂ ಕಡೆಯಿಂದ ನೋಡಿದಳು. ಗುಡ್ಡದ ನೆರಳು ಆಗಲೇ ಅರ್ಧ ಟೆರೇಸನ್ನು ಮುಚ್ಚಿತ್ತು.

"ಕೋಲು ಸರಿ ಉಂಟು," ಅಂದಳು. ಇಳಿದು ಬಂದು ಸಿಹಿ ತಿಂದಳು.

ಶುಕ್ರವಾರ ಚರ್ಚಾ ಸ್ಪರ್ಧೆಗೆ ಹನ್ನೊಂದಕ್ಕೆ ಹೊರಡಬೇಕಿತ್ತು. ಅಣ್ಣ ಕಾರಿನ ಕೀಲಿಯನ್ನು ಅತ್ತಿಗೆಗೆ ಕೊಟ್ಟು ತಾನು ಹಿಂದೆ ನನ್ನ ಪಕ್ಕ ಕೂತ. ಅಮ್ಮ ಸೀರೆ ಉಟ್ಟು ಕೆಳಗಿಳಿದವಳು ಕಾರಿನ ಬಾಗಿಲು ಹಿಡಿದು ನಿಂತಳು. ಶುಕ್ರವಾರ ನಾಲ್ಕನೆಯ ಪಾಲು. ಹನ್ನೊಂದಕ್ಕೆ ಶುರು ಎಂಬ ಆ ಲೆಕ್ಕ ಅಮ್ಮನೇ ಬೆರಳು ಮಡಚಿ ಕಂಡುಹಿಡಿದದ್ದು, ಯಾರ ಕ್ಯಾಲೆಂಡರಿನಲ್ಲೂ ಇಲ್ಲದ್ದು. ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ಗ್ಯಾರೇಜಿನ ಮಾಡಿನ ಮೇಲಿನ ಸೂರ್ಯನನ್ನು. ನಾಲಿಗೆಗೆ ಬಂದ ವಾದವನ್ನು ನಾನು ನುಂಗಿಕೊಂಡೆ.

ಅಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಬೆಲ್ಟು ಎಳೆದು ಎರಡು ಸಲ ಜಗ್ಗಿ ನೋಡಿದಳು.

"ಹೋಗುವ," ಅಂದಳು ಅತ್ತಿಗೆಗೆ. "ರೌಂಡಬೌಟಲ್ಲಿ ಸುಮ್ಮ ಸುಮ್ಮನೆ ಬ್ರೇಕ್ ಹಾಕ್ಬೇಡ. ಎಡಕ್ಕೆ ನೋಡು, ಗಾಡಿ ಇಲ್ಲದಿದ್ರೆ ಹೋಗ್ತಾ ಇರು."